ಬೀಗ ಬಿದ್ದ ಮಾತ್ರೆ ಡಬ್ಬಿ

ಹುಟ್ಟುತ್ತಲೇ ಹೃದಯದಲ್ಲಿ ತೂತು, ತುಟಿ ಉಗುರೆಲ್ಲ ನೀಲಿ. ಅಂಗಿಗೆ ಕಾಜಾ ಹೊಲಿಯುವ ಅವಳನ್ನು ಅಂಗಡಿಯವರು ‘ನೀಲಿ’ ಅಂತಲೇ ಕರೆಯುತ್ತಿದ್ದರು. ತಲೆ ಸಿಡಿದು ಸುಸ್ತಾದಾಗಲೆಲ್ಲ ಓಣಿಯ ಡಾಕ್ಟರು “ರಕ್ತ ಗಟ್ಟಿಯಾಗಿದೆ” ಅಂತ ನಲ್ಲಿಯಲ್ಲಿ ನೀರು ಹಿಡಿದಷ್ಟು ಸಲೀಸಾಗಿ ಒಂದು ಬಾಟಲಿ ರಕ್ತ ತೆಗೆದು ಕಳಿಸುತ್ತಿದ್ದರು. ಹೀಗೆ ಹನ್ನೊಂದು ವರ್ಷ. ಒಮ್ಮೆ ಸುಸ್ತು ತಾಳದೆ ಬಸುರಿ ಅತ್ತಿಗೆಯ ಕಬ್ಬಿಣದ ಮಾತ್ರೆ ಡಬ್ಬಿಗೆ ಕೈ ಹಾಕಿದಾಗ ಅಮ್ಮ ಕೈಗೆ ಬಾರಿಸಿದ್ದಳು. “ನಿನಗೆ ರಕ್ತ ಉಕ್ಕಿ ಹರೀತಿದೆ, ಇದೊಂದು ಕೇಡು!” ಅಂತ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಸೊಸೆಗೆ ಕೊಟ್ಟಿದ್ದಳು.

ಈ ಸಲ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರಮ್ಮ ಬೇರೆ ಪರೀಕ್ಷೆ ಮಾಡಿಸಿದರು. “ನಿಮ್ಮಂಥವರಿಗೆ ರಕ್ತ ಗಟ್ಟಿ ಇರೋದು ಸಹಜ ಕಣಮ್ಮ. ಸುಮ್ಮಸುಮ್ಮನೆ ತೆಗೀಬಾರದಿತ್ತು. ತೆಗೆದೂ ತೆಗೆದೂ ಮೈಯಲ್ಲಿ ಕಬ್ಬಿಣದಂಶವೇ ಬರಿದಾಗಿದೆ. ಈ ತಲೆನೋವು, ಸುಸ್ತು ಎಲ್ಲ ಅದರದ್ದೇ.”

“ತೆಗೆದದ್ದನ್ನ ಯಾರಿಗಾದ್ರೂ ಕೊಟ್ರಾ?”

“ಇಲ್ಲಮ್ಮ, ಚೆಲ್ಲಿರ್ತಾರೆ.”

ಮನೆಗೆ ಬಂದು ಹೇಳಿದಾಗ ಅತ್ತಿಗೆ ಬೀರು ತೆರೆದು ಡಬ್ಬಿ ತಂದಿಟ್ಟಳು. ಮಾತ್ರೆಗಳ ಅವಧಿ ಮುಗಿದು ನಾಲ್ಕು ವರ್ಷವಾಗಿತ್ತು. ಮುಚ್ಚಳದ ಸೀಲು ಹಾಗೇ ಇತ್ತು.

“ವಾಕರಿಕೆ ಬರುತ್ತೆ ಅಂತ ನಾನು ಒಂದೂ ನುಂಗಲಿಲ್ಲ ಕಣೇ,” ಅಂದಳು.