ಟೀಚರ್ ಹೇಳಿದ ಪಿಚ್ಚರ್

ಬೇಯಿಸಿದ ತೊಗರಿಕಾಯಿಯ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ, ನನಗೆ ಮಾತ್ರ ಎದೆಯಲ್ಲಿ ಪುಕಪುಕ ಶುರುವಾಗುತ್ತದೆ. ಹೋದ ವಾರವೂ ಹಾಗೇ ಆಯಿತು. ವಾಡಿಯಿಂದ ಸೇಡಂಗೆ ನಾನು ದಿನಾ ಹೋಗುವ ಪ್ಯಾಸೆಂಜರ್ ಗಾಡಿ. ಚಿತ್ತಾಪುರದಲ್ಲಿ ಒಬ್ಬ ಹೆಂಗಸು ಬುಟ್ಟಿ ಹೊತ್ತು ಹತ್ತಿದಳು. ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ. ಮೇಲಿನ ಒದ್ದೆ ಬಟ್ಟೆ ಸರಿಸಿದ್ದೇ ತಡ, ಗಾಡಿಯ ಡಬ್ಬಿಯ ತುಂಬ ಅದೇ ವಾಸನೆ. ಎದುರು ಸೀಟಿನವರು ಕೊಂಡು ಸುಲಿಯತೊಡಗಿದರು. ಚಟ್, ಚಟ್, ಚಟ್... ಇಪ್ಪತ್ತು ವರ್ಷದ ಹಿಂದೆ ಒಂದಿಡೀ ಮಧ್ಯಾಹ್ನ, ಆ ಸದ್ದು ನಿಂತರೆ ನನ್ನ ಗತಿ ಏನು ಎಂದು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆ. ಕಾಯಿ ಸುಲಿಯುತ್ತಿದ್ದವಳು ನನ್ನ ಸೋದರತ್ತೆ. ಅವಳ ಆಚೆ ಬದಿಗೆ ನಮ್ಮ ಡ್ರಿಲ್ ಟೀಚರ್.

ಆಗ ನಾನು ಚಿತ್ತಾಪುರದಲ್ಲಿ ಪಿಯುಸಿ ಎರಡನೇ ವರ್ಷ. ಟೀಚರ್ ಶಹಾಬಾದಿನವರು, ಡ್ರಿಲ್ ಜೊತೆ ಕರಾಟೆಯನ್ನೂ ಕಲಿಸುತ್ತಿದ್ದರು, ಖಾಯಂ ನೌಕರಿಯಲ್ಲ, ವರ್ಷ ವರ್ಷಕ್ಕೆ ಕರೆಯುತ್ತಿದ್ದರು. ಮೊದಲ ದಿನ ಮೈದಾನಕ್ಕೆ ಬಂದವರೇ ಚೀಲದಿಂದ ನೆಲಕ್ಕೆ ಹಾಸುವ ಒಂದು ತೆಳುವಾದ ಫರ್ಸಿ ಕಲ್ಲು ತೆಗೆದರು. ಬೇರೆ ಊರಿನ ಕರಾಟೆಯವರು ಹೆಂಚು ಒಡೆಯುತ್ತಾರಂತೆ. ಮನೆಯ ಮಾಳಿಗೆಗೂ ಕಲ್ಲನ್ನೇ ಹಾಸುವ ಶಹಾಬಾದಿನವರಿಗೆ ಹೆಂಚು ಎಲ್ಲಿಂದ ಬರಬೇಕು? ಎರಡು ಇಟ್ಟಿಗೆಯ ಮೇಲೆ ಕಲ್ಲಿಟ್ಟು, ಅಂಗೈಯಿಂದ ಸವರಿ, ಒಂದೇ ಏಟಿಗೆ ಎರಡು ತುಂಡು ಮಾಡಿದರು. ನಾವು ಹುಡುಗಿಯರು ಬಾಯಿ ತೆರೆದುಕೊಂಡು ನಿಂತೆವು. ಅವರ ಅಪ್ಪ ಕಲ್ಲಿನ ಖಣಿಯಲ್ಲಿ ಉಳಿ, ಸುತ್ತಿಗೆ ಹಿಡಿದು ಮಾಡುತ್ತಿದ್ದ ಕೆಲಸವನ್ನು ಇವರು ಬರಿಗೈಯಲ್ಲಿ ಮಾಡುತ್ತಿದ್ದರು. “ಕಲ್ಲಿಗೂ ಪದರ ಇರ್ತಾವ. ಅದು ನೋಡಿ ಹೊಡೀಬೇಕು, ಸಿಟ್ಟಿಲೆ ಹೊಡದ್ರ ಕೈ ಮುರೀತದ,” ಎಂದರು. ಸಿಟ್ಟು ಮಾತ್ರ ಅವರಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದು ಬೇರೆ ಮಾತು.

ಟೀಚರಿಗೆ ಒಂದು ಹುಚ್ಚಿತ್ತು. ಹಿಂದಿನ ವರ್ಷ ಒಂದು ಇಂಗ್ಲಿಷ್ ಸೂಪರ್‌ಹೀರೋ ಸಿನಿಮಾ ಬಂದಿತ್ತು. ಕಥೆಯೆಲ್ಲ ಹಾರಾಡುವ ನಾಯಕನದೇ, ಆದರೆ ನಡುವೆ ಹತ್ತು ನಿಮಿಷ ಒಬ್ಬ ಕೊಲೆಗಾರ್ತಿ ಬರುತ್ತಾಳೆ. ಸುಪಾರಿ ಹಿಡಿದು ಕೊಲ್ಲುವವಳು. ಮಾತಿಲ್ಲ, ಕತೆಯಿಲ್ಲ, ಕೈಯಲ್ಲೊಂದು ಗಿಡ್ಡ ಚೂರಿ. ಏಳು ಮಂದಿಯನ್ನು ಮಲಗಿಸಿ, ಹಾರಿದ ಕೂದಲು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹೊರಟುಹೋಗುತ್ತಾಳೆ. ಆ ಹತ್ತು ನಿಮಿಷಕ್ಕಾಗಿ ಟೀಚರ್ ಕಲಬುರಗಿಗೆ ಹೋಗಿ ನಾಲ್ಕು ಸಲ ಅದನ್ನೇ ನೋಡಿ ಬಂದಿದ್ದರು. ನಮ್ಮ ಕಾಲು ತಪ್ಪಿದರೆ ಸಾಕು, “ಆಕಿ ಹ್ಯಾಂಗ ನಿಂತಿದ್ಲು? ಹಾಂಗ ನಿಲ್ರಿ!” ಎಂದು ಕೂಗುತ್ತಿದ್ದರು. ಈಗ ಅವಳೊಬ್ಬಳದೇ ಪಿಚ್ಚರ್ ಬರುತ್ತದೆ ಎಂದು ತಿಳಿದಾಗಿನಿಂದ ಅವರಿಗೆ ನೆಲದ ಮೇಲೆ ಕಾಲೇ ಇರಲಿಲ್ಲ.

ಅದೇ ಹೊತ್ತಿಗೆ ನನ್ನ ಬೆನ್ನಿಗೆ ಕಾಳಗಿಯ ಸಂಬಂಧ ಬಿತ್ತು. ಹುಡುಗನ ಕಿರಾಣಿ ಅಂಗಡಿ, ಒಳ್ಳೆಯ ಮಂದಿ. ಪರೀಕ್ಷೆ ಮುಗಿದ ಕೂಡಲೇ ಮದುವೆ, ಅದಕ್ಕೂ ಮೊದಲು ಈ ಒದೆಯುವುದು ಬಡಿಯುವುದು ಬಿಡಿಸಬೇಕು ಎಂದಿದ್ದರು. ಭಾನುವಾರ ಕಲಬುರಗಿಯಲ್ಲಿ ಜಿಲ್ಲಾ ಕರಾಟೆ ಪಂದ್ಯ. ನಾನು ಹೋದರೆ ಸಂಬಂಧ ಮುರಿದಂತೆ, ಹೋಗದಿದ್ದರೆ ಕರಾಟೆ ಮುಗಿದಂತೆ. ಅಪ್ಪ ಜಾಣತನದಿಂದ ಕೈ ತೊಳೆದುಕೊಂಡ. “ನಿಮ್ಮತ್ತಿ ಏನಂತಾಳ ಅದೇ,” ಎಂದುಬಿಟ್ಟ.

ಅತ್ತೆಯ ಮಾತಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಚಿಂಚೋಳಿಯ ಆಚೆ ಗಡಿಯ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರಂತೆ. ಮೂರು ವರ್ಷಕ್ಕೆ ಒಂದು ಟ್ರಂಕು ಹಿಡಿದು ತಿರುಗಿ ಬಂದಳು, ಮತ್ತೆ ಹೋಗಲಿಲ್ಲ. ಆ ಮೂರು ವರ್ಷದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ. ಟಿವಿಯಲ್ಲಿ ನಾವು ತೆಲುಗು ಸಿನಿಮಾ ಹಾಕಿದರೆ ಮಾತ್ರ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: “ಅದು ಬಂದ್ ಮಾಡ್ರೇ, ಒಂದಕ್ಷರ ತಿಳಿಯಂಗಿಲ್ಲ.” ನಾವು ಸದ್ದು ಸಣ್ಣ ಮಾಡಿಕೊಂಡು ನೋಡುತ್ತಿದ್ದೆವು. ನನಗೆ ಬಂದಿದ್ದ ತೆಲುಗೆಲ್ಲ ಹಾಗೆ ಕದ್ದು ಕಲಿತದ್ದು.

ಸುದ್ದಿ ತಿಳಿದ ಟೀಚರ್ ಮನೆಗೇ ಬಂದರು. ಯಾವಾಗಲೂ ಪ್ಯಾಂಟು, ಕ್ಯಾನ್ವಾಸ್ ಬೂಟು, ಅವತ್ತು ಸೀರೆ! ಉಟ್ಟು ರೂಢಿಯಿಲ್ಲ ಪಾಪ, ನೆರಿಗೆ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. “ಹೆಣ್ಮಗಳು ಏನ್ ಮಾಡಬಲ್ಲಳು ಅಂತ ನಾ ಹೇಳೋದು ಬ್ಯಾಡ್ರಿ. ಶುಕ್ರವಾರ ಸೇಡಂಕ ಒಂದು ಪಿಚ್ಚರ್ ಬರಾಕತ್ತದ, ನೀವೇ ಬಂದು ನೋಡ್ರಿ. ಆಮ್ಯಾಲ ನೀವು ಬ್ಯಾಡಂದ್ರ ನಾ ತುಟಿ ಬಿಚ್ಚಂಗಿಲ್ಲ.”

ಆ ಪಿಚ್ಚರ್ ಟೀಚರ್ ಇನ್ನೂ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ನೋಡದ ಸಿನಿಮಾದ ಮೇಲೆ ನನ್ನ ಬಾಳು ಪಣಕ್ಕಿಟ್ಟ ಮಹಾತಾಯಿ ಅವರು. ಅತ್ತೆ ಅವರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, “ಆಗಲಿ,” ಎಂದಳು. “ಈಕಿನ್ನ ನೀ ಏನ್ ಮಾಡಾಕತ್ತಿ, ನಾನೂ ನೋಡ್ತೀನಿ.”

ಶುಕ್ರವಾರದ ಮಧ್ಯಾಹ್ನದಾಟಕ್ಕೆ ಮೂವರೂ ಗಾಡಿಯಲ್ಲಿ ಸೇಡಂಗೆ ಹೋದೆವು. ಅತ್ತೆಯನ್ನು ಖುಷಿ ಮಾಡಲು ಟೀಚರ್ ಸ್ಟೇಷನ್ನಿನಲ್ಲಿ ತೊಗರಿಕಾಯಿ ಕೊಂಡರು. ಥೇಟರಿನ ಮುಂದೆ ಪೋಸ್ಟರ್ ನೋಡಿದ್ದೇ ಅವರ ಮುಖ ಇಳಿಯಿತು. ಅತ್ತೆಗೂ ತಿಳಿಯುವ ಹಿಂದಿಗೆ ಡಬ್ ಆಗಿರುತ್ತದೆ ಎಂದುಕೊಂಡಿದ್ದರು, ಅಕ್ಷರವೆಲ್ಲ ತೆಲುಗು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, “ನನಗ ಇದು ಬರಂಗಿಲ್ಲವಾ. ನೀ ಹೇಳು, ನಾ ಕೇಳ್ತೀನಿ,” ಎಂದಳು. ಸೇಡಂನ ಥೇಟರಿನಲ್ಲಿ ಅದು ರೂಢಿಯೇ. ಗಡಿಯ ಊರು, ತೆಲುಗು ಬಂದವರು ಬಾರದ ಪಕ್ಕದವರಿಗೆ ಕನ್ನಡದಲ್ಲಿ ಹೇಳುತ್ತ ಹೋಗುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತೆಲುಗು ಕೂಲಿಗಳ ನಡುವೆ ಖಣಿಯ ಓಣಿಯಲ್ಲಿ ಬೆಳೆದ ಟೀಚರಿಗೆ ತೆಲುಗು ನೀರು ಕುಡಿದಷ್ಟು ಸಲೀಸು.

ಪಿಚ್ಚರ್ ಶುರುವಾಯಿತು. ಶಿವನೇ, ಏನು ಹೇಳಲಿ! ಹಿಂದಿನ ಸಿನಿಮಾದಲ್ಲಿ ಏಳು ಮಂದಿಯನ್ನು ಮಲಗಿಸಿದವಳು ಇಲ್ಲಿ ಅರ್ಧ ಗಂಟೆ ಕಿಟಕಿಯಲ್ಲಿ ನಿಂತು ಹಿಮ ನೋಡಿದಳು. ಆಮೇಲೆ ಅತ್ತಳು. ಚೂರಿ ತೆಗೆದು ನೋಡಿ, ಒಳಗಿಟ್ಟು, ಮತ್ತೆ ಅತ್ತಳು. ಎದುರು ಮನೆಯ ಬೇಕರಿಯವನೊಬ್ಬ ಬ್ರೆಡ್ಡು ತಂದುಕೊಟ್ಟ. ಅವನ ಭುಜಕ್ಕೆ ತಲೆಯಿಟ್ಟು, “ನಾನು ಪಾಪಿ, ನನ್ನಂಥವಳನ್ನು ಯಾರು ಒಪ್ಪುತ್ತಾರೆ?” ಎಂದಳು ತೆಲುಗಿನಲ್ಲಿ.

“ಏನಂದ್ಲು?” ಎಂದಳು ಅತ್ತೆ.

ಟೀಚರ್ ಅವಳ ಕಿವಿಯ ಕಡೆ ಬಾಗಿದರು. “ನನ್ನ ಕೆಲಸ ಭಾಳ ಅಪಾಯದ್ದು, ನೀ ನನ್ನಿಂದ ದೂರ ಇರು ಅಂತಾಳ್ರಿ.”

ನಾನು ಕತ್ತು ತಿರುಗಿಸಿ ನೋಡಿದೆ. ಟೀಚರ್ ಪರದೆಯಿಂದ ಕಣ್ಣು ಕೀಳಲಿಲ್ಲ. ಚಟ್, ಚಟ್ ಎಂದು ಕಾಯಿ ಸುಲಿಯುವ ಸದ್ದು ಮುಂದುವರಿಯಿತು. ಅಲ್ಲಿಂದ ಟೀಚರ್ ನಿಲ್ಲಲಿಲ್ಲ. ಪರದೆಯ ಮೇಲಿನವಳು ಸ್ನಾನಕ್ಕೆ ಕುಳಿತರೆ, “ಗಾಯ ತೊಳ್ಕೊಳ್ಳಾಕತ್ತಾಳ್ರಿ.” ಅವಳು ನನ್ನ ಕೈಲಾಗದು ಎಂದು ನಡುಗಿದರೆ, “ಕೊಲ್ಲಾಕ ಬಂದವ್ರನ್ನ ಒಳಗ ಬರಗೊಡಾಕತ್ತಾಳ್ರಿ, ಹೊಂಚ ಹಾಕ್ಯಾಳ.” ಅಲ್ಲಿ ಪರದೆಯ ಮೇಲೊಂದು ಸಿನಿಮಾ, ಇಲ್ಲಿ ಟೀಚರ್ ಬಾಯಲ್ಲೊಂದು ಸಿನಿಮಾ. ಇಲ್ಲಿನವಳು ಊರಿನ ಹೆಂಗಸರನ್ನು ಕಾಯುವವಳು, ಯಾರ ಹಂಗಿಗೂ ಬೀಳದವಳು. ಅಂಗೈ ಬೆವರನ್ನು ನಾನು ಲಂಗಕ್ಕೆ ಒರೆಸುತ್ತಲೇ ಇದ್ದೆ. ಅತ್ತೆ ಕಣ್ಣಿಂದ ನೋಡುವುದಕ್ಕೂ ಕಿವಿಯಿಂದ ಕೇಳುವುದಕ್ಕೂ ತಾಳೆ ಹಾಕಿದರೆ ಮುಗಿಯಿತು, ನನ್ನ ಅಕ್ಷತೆ ಕಾಳಗಿಯಲ್ಲೇ.

ಹಿಂದಿನ ಸಾಲಿನಿಂದ ಒಬ್ಬ ಗಂಡಸು ಮುಂದಕ್ಕೆ ಬಾಗಿದ. “ಅಕ್ಕಾರ, ಆಕಿ ಹಂಗ ಅನ್ನಲೇ ಇಲ್ಲಲ್ರಿ!”

ಕಾಯಿಯ ಸದ್ದು ನಿಂತಿತು.

ಟೀಚರ್ ಕೈ ಕುರ್ಚಿಯ ಹಿಡಿಯ ಮೇಲೆ ಮುಷ್ಟಿಯಾಯಿತು. ನನಗೆ ಪಂದ್ಯ ಹೋಯಿತು, ಕಾಲೇಜು ಹೋಯಿತು, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಕಣ್ಣ ಮುಂದೆ ಬಂತು... ಅತ್ತೆ ನಿಧಾನಕ್ಕೆ ಹಿಂದೆ ತಿರುಗಿದಳು.

“ನಿನ್ನ ಯಾರ ಕೇಳ್ಯಾರ? ಸುಮ್ ಕುಂದ್ರು,” ಎಂದಳು. ಆಮೇಲೆ ಮುಂದೆ ತಿರುಗಿ ಇನ್ನೊಂದು ಕಾಯಿ ತೆಗೆದುಕೊಂಡಳು. ಚಟ್.

ಕೊನೆಗೆ ಬಂದದ್ದು ಎಲ್ಲಕ್ಕಿಂತ ಕೆಟ್ಟದ್ದು. ಖಳ ಇವಳನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕಾಲಿಟ್ಟ. ಈಗ ಏಳುತ್ತಾಳೆ, ಈಗ ಏಳುತ್ತಾಳೆ ಎಂದು ನಾನು ಸೀಟಿನ ತುದಿಗೆ ಬಂದೆ. ಏಳಲಿಲ್ಲ. ಹಿಂದಿನ ಸಿನಿಮಾದ ನಾಯಕ ಎಲ್ಲಿದ್ದನೋ, ಆಕಾಶದಿಂದ ಇಳಿದ. ಎರಡೇ ನಿಮಿಷದಲ್ಲಿ ಖಳನನ್ನು ಮುಗಿಸಿದ. ಜನ ಸಿಳ್ಳೆ ಹಾಕಿದರು. ಇವಳು ಅವನ ಎದೆಗೊರಗಿ ಅಳುತ್ತ, “ನೀನಿಲ್ಲದೆ ನಾನು ಏನೂ ಅಲ್ಲ,” ಎಂದಳು.

ಟೀಚರ್ ಕಣ್ಣಲ್ಲಿ ನೀರಿತ್ತು. ವರ್ಷವಿಡೀ ಕಾದ ಪಿಚ್ಚರ್ ಅದು. ನನಗೆ ಆ ಸಿನಿಮಾ ಮಾಡಿದವರ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಅತ್ತೆ ಕೇಳುವ ಮೊದಲೇ ಟೀಚರ್ ಒಂದೊಂದೇ ಮಾತು ಬಿಡಿಸಿ ಹೇಳಿದರು: “ನಿನ್ನ ಯಾರ ಕರದಿದ್ರು? ನನ್ನ ಕೆಲಸ ನಾನೇ ಮುಗಸ್ತಿದ್ದೆ... ಅಂತಾಳ್ರಿ.”

ತಿರುಗಿ ಬರುವಾಗ ಗಾಡಿ ಮಳಖೇಡ ದಾಟಿತು, ಅತ್ತೆ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕುಳಿತಿದ್ದಳು. ಚಿತ್ತಾಪುರದಲ್ಲಿ ನಾನು, ಅತ್ತೆ ಇಳಿದೆವು. ಟೀಚರ್ ಅದೇ ಗಾಡಿಯಲ್ಲಿ ಮುಂದೆ ಹೋಗಬೇಕು, ಬಾಗಿಲಲ್ಲೇ ನಿಂತಿದ್ದರು. ಅತ್ತೆ ಹೊರಟವಳು ನಿಂತು ಕೇಳಿದಳು: “ಕಡೀಗಿ ಆಕಿ ಏನಂದ್ಲು? ಇನ್ನೊಮ್ಮೆ ಹೇಳು.”

ಟೀಚರ್ ಮುಖ ಬಿಳಿಚಿಕೊಂಡಿತು. “ನನ್ನ ಕೆಲಸ ನಾನೇ ಮುಗಸ್ತಿದ್ದೆ ಅಂದ್ಲ್ರಿ.”

“ಹೂಂ,” ಎಂದಳು ಅತ್ತೆ. ಗಾಡಿ ಹೊರಟಿತು.

ಮನೆಯಲ್ಲಿ ಅಪ್ಪ ಹೇಗಿತ್ತು ಎಂದು ಕೇಳುವ ಮೊದಲೇ ಅತ್ತೆ ಕಾಲು ತೊಳೆಯುತ್ತ ಹೇಳಿಬಿಟ್ಟಳು: “ಕಾಳಗಿಯವ್ರಿಗಿ ಇಲ್ಲ ಅಂತ ಹೇಳಿ ಕಳಸು. ಐತಾರ ಈಕಿ ಪಂದ್ಯಕ್ಕ ಹೋಗ್ತಾಳ.” ನಾನು ದೇವರ ಕೋಣೆಗೆ ಓಡಿಹೋಗಿ, ಬಾಗಿಲು ಹಾಕಿಕೊಂಡು, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಪಂದ್ಯದಲ್ಲಿ ಎರಡನೇ ಸುತ್ತಿಗೇ ಸೋತೆ, ಸುಳ್ಳು ಯಾಕೆ ಹೇಳಲಿ. ಟೀಚರ್ ಎಲ್ಲರ ಮುಂದೆ ಬೈದು, ಆಮೇಲೆ ಜಿಲೇಬಿ ಕೊಡಿಸಿದರು. ಆದರೆ ಅಲ್ಲಿಂದ ನನ್ನ ದಾರಿ ಬೇರೆಯಾಯಿತು. ಇವತ್ತು ಸೇಡಂನಲ್ಲಿ ನಾನೇ ಡ್ರಿಲ್ ಟೀಚರ್. ಟೀಚರನ್ನು ಮರುವರ್ಷ ಕಾಲೇಜಿನವರು ಕರೆಯಲಿಲ್ಲ. ಚಿಮ್ಮನಚೋಡದ ಕಡೆ ಒಂದು ಶಾಲೆಗೆ ಹೋದರು, ಆಮೇಲೆ ಇನ್ನೆಲ್ಲಿಗೋ. ವರ್ಷಕ್ಕೊಮ್ಮೆ ವಾಡಿ ಸ್ಟೇಷನ್ನಿನಲ್ಲಿ ಸಿಗುತ್ತಿದ್ದರು. ಕೂದಲು ಬೆಳ್ಳಗಾಗಿತ್ತು, ನಡಿಗೆ ಮಾತ್ರ ಹಾಗೇ ಇತ್ತು. ಸಿಕ್ಕಾಗಲೆಲ್ಲ ಒಂದೇ ಮಾತು: “ನಿಮ್ಮತ್ತಿ ಅಷ್ಟು ನಂಬಿ ಕುಂತಿದ್ರು. ಆ ಹಿರೇ ಜೀವಕ್ಕ ನಾ ಸುಳ್ಳ ಹೇಳಿದೆ ನೋಡು. ಅದೊಂದು ಎದಿಯಾಗ ಚುಚ್ಚತದ.” ಬಿಡ್ರಿ ಟೀಚರ್ ಎಂದು ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅತ್ತೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕುಳಿತು ಟಿವಿ ಹಾಕಿದರೆ ಅದೇ ದರಿದ್ರ ಪಿಚ್ಚರ್, ಅದೇ ತೆಲುಗು! ಬಂದ್ ಮಾಡಲು ಹೋದೆ. ಅತ್ತೆ ಬೇಡವೆಂದು ಕೈ ಮಾಡಿದಳು. ನಾಯಕ ಇಳಿದು ಬಂದ, ಇವಳು ಅವನ ಎದೆಗೊರಗಿದಳು, ನೀನಿಲ್ಲದೆ ನಾನು ಏನೂ ಅಲ್ಲ ಎಂದಳು. ಅತ್ತೆ ಆ ಮಾತನ್ನು ಅಚ್ಚ ತೆಲುಗಿನಲ್ಲಿ, ಒಂದಕ್ಷರ ತಪ್ಪದೆ, ತಾನೂ ಹೇಳಿದಳು. ನನ್ನ ಕೈಯಿಂದ ರಿಮೋಟು ಬಿತ್ತು.

“ಅತ್ತೀ, ನಿನಗ ತೆಲುಗು...?”

“ತೆಲುಗರ ಮನ್ಯಾಗ ಮೂರು ವರ್ಷ ಸಂಸಾರ ಮಾಡೀನಿ, ಬರಂಗಿಲ್ಲೇನು?” ಎಂದಳು. “ಅದು ಕಿವಿಗಿ ಬಿದ್ರ ಆ ಮನಿ ನೆನಪಾಗ್ತಿತ್ತು. ಭಾಷಾದ್ದೇನ ತಪ್ಪಿಲ್ಲ ಬಿಡು.” ಟಿವಿಯ ಕಡೆ ಕೈ ತೋರಿಸಿದಳು. “ಭಾಳ ಕೆಟ್ಟ ಪಿಚ್ಚರ್ ಇದು. ಅವತ್ತು ನಿಮ್ಮ ಟೀಚರ್ ಹೇಳಿದ್ದೇ ಚೊಲೊ ಇತ್ತು.”

ಮತ್ತೆ ಅವತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು. “ನಿನ್ನ ಸಲುವಾಗಿ ಆಕಿ ಮೂರು ತಾಸು ಸುಳ್ಳ ಹೇಳಿದ್ಲವಾ, ಬೆವರ ಬಿಟ್ಟಗೋತ. ನನ್ನ ಸಲುವಾಗಿ ಯಾರೂ ಒಂದು ಸುಳ್ಳ ಸುದ್ದಾ ಹೇಳಲಿಲ್ಲ.”

ತಿಂಗಳೊಳಗೆ ಅತ್ತೆ ಹೋದಳು. ಈ ಮಾತು ಟೀಚರಿಗೆ ಹೇಳಬೇಕಿತ್ತು. ಆಮೇಲೆ ಅವರು ವಾಡಿಯಲ್ಲಿ ಸಿಗಲೇ ಇಲ್ಲ. ನಂಬರು ನನ್ನ ಫೋನಿನಲ್ಲೇ ಇತ್ತು. ಆದರೆ ಎದುರಿಗೆ ಕೂಡಿಸಿಕೊಂಡು ಹೇಳಬೇಕು, ಅವರ ಮುಖ ನೋಡಬೇಕು, ಒಮ್ಮೆಯಾದರೂ ಆ ಪಿಚ್ಚರಿಗೆ ಅವರು ನಗುವುದನ್ನು ನೋಡಬೇಕು ಎಂಬ ಆಸೆ. ದಸರೆಗೆ ಹೋದರಾಯಿತು, ಬೇಸಿಗೆ ರಜೆಗೆ ಹೋದರಾಯಿತು... ಹೋದ ಮಳೆಗಾಲದಲ್ಲಿ ಕ್ರೀಡಾಕೂಟದ ಸಭೆಯಲ್ಲಿ ಇನ್ನೊಬ್ಬ ಮಾಸ್ತರರು ಚಹಾ ಕುಡಿಯುತ್ತ ಹೇಳಿದರು, ಶಹಾಬಾದಿನ ಆ ಕರಾಟೆ ಮೇಡಂ ಎದೆನೋವಿನಿಂದ ಹೋಗಿ ಹತ್ತು ದಿನವಾಯಿತಂತೆ. ನಾನು ಕಪ್ಪು ಕೆಳಗಿಟ್ಟೆ. ನನ್ನ ಸಲುವಾಗಿ ಅಷ್ಟು ಮಾಡಿದ ಹೆಣ್ಣುಮಗಳನ್ನು, ಆಗದ ಒಂದು ಮೋಸದ ಭಾರ ಹೊರಿಸಿಯೇ ಕಳಿಸಿಬಿಟ್ಟೆ. ಎರಡು ನಿಮಿಷದ ಫೋನು ಸಾಕಿತ್ತು.

“ತೊಗರಿಕಾಯಿ ಬೇಕೇನ್ರಿ ಮೇಡಂ?” ಎಂದಳು ಬುಟ್ಟಿಯವಳು. ಒಂದು ಪೊಟ್ಟಣ ತೆಗೆದುಕೊಂಡೆ. ಮಳಖೇಡ ದಾಟುವ ತನಕ ಸುಮ್ಮನೆ ಸುಲಿಯುತ್ತ ಕುಳಿತೆ. ಆಮೇಲೆ ತಡೆಯಲಾಗಲಿಲ್ಲ. “ಅತ್ತಿಗಿ ಎಲ್ಲಾ ತಿಳೀತಿತ್ರಿ ಟೀಚರ್,” ಎಂದು ಬಾಯಿಬಿಟ್ಟೇ ಹೇಳಿದೆ. ಎದುರು ಸೀಟಿನವರು ಸುಲಿಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ಸೇಡಂ ಬಂದಿತ್ತು, ಇಳಿದೆ.