ಕೊನೆಯ ಹಾಳೆ ಇಲ್ಲದ ಕಾಮಿಕ್ಸು

ಎಪ್ಪತ್ತರ ದಶಕದ ರಾಜಾಜಿನಗರ. ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಬೇಸಿಗೆ ರಜೆಯಿಡೀ ಒಂದೇ ಆಟ. ಎದುರು ಮನೆಯ ಹುಡುಗ ಹೆಗಲಿಗೆ ಟವಲು ಕಟ್ಟಿಕೊಂಡು ಅಮೆರಿಕದ ಕಾಮಿಕ್ಸಿನ ಶೂರನಾಗುತ್ತಿದ್ದ. ನಾನು ಕಾಡುಮನುಷ್ಯ. ಹೊಂಗೆ ಮರದ ಹಿಂದಿನಿಂದ ಅರಚುತ್ತಾ ಬಂದು, ಒದೆ ತಿಂದು, ಕಡೆಗೆ ಅವನ ಕಾಲಿಗೆ ಬೀಳಬೇಕು.

"ಒಂದ್ಸಲ ನಾನು ಹೀರೋ ಆಗ್ತೀನಿ ಕಣೋ" ಅಂದರೆ, "ಕಪ್ಪಗಿರೋರು ಹೀರೋ ಆಗಲ್ಲ ಕಣೇ, ಬೇಕಾದ್ರೆ ಪುಸ್ತಕ ನೋಡ್ಕೋ" ಎನ್ನುತ್ತಿದ್ದ. ಅವನೇನು ಬಿಳಿ ದೊರೆಗಳ ಬಣ್ಣವಲ್ಲ, ಗೋಧಿ ಬಣ್ಣ. ಆದರೂ ನನಗಿಂತ ಬೆಳ್ಳಗಿದ್ದನಲ್ಲ. ಪುಸ್ತಕಗಳನ್ನು ನಾನೂ ನೋಡಿದ್ದೆ. ಕಪ್ಪು ಜನಕ್ಕೆಲ್ಲ ಒಂದೇ ಮುಖ: ದಪ್ಪ ತುಟಿ, ಮೆಳ್ಳೆಗಣ್ಣು, ಅರ್ಧಂಬರ್ಧ ಮಾತು. ಹುಡುಗ ಸುಳ್ಳು ಹೇಳುತ್ತಿರಲಿಲ್ಲ, ನನಗೆ ಉರಿಯುತ್ತಿದ್ದದ್ದೇ ಅದಕ್ಕೆ.

ಮನೆಯಲ್ಲಿ ಅಜ್ಜಿ ಪ್ರತಿ ಭಾನುವಾರ ಬಚ್ಚಲಲ್ಲಿ ಕೂರಿಸಿ, ಕಡಲೆಹಿಟ್ಟಿಗೆ ಕೆನೆ ಕಲಸಿ ನನ್ನ ಮೈ ತಿಕ್ಕುತ್ತಿದ್ದಳು. "ಕಪ್ಪಾದ್ರೂ ಕಸ್ತೂರಿ ಕಣೇ ನೀನು" ಎನ್ನುತ್ತಲೇ ಇನ್ನಷ್ಟು ತಿಕ್ಕುವಳು.

ಒಂದು ಮಧ್ಯಾಹ್ನ ಮೂಲೆಯ ಬಾಡಿಗೆ ಲೈಬ್ರರಿಯಲ್ಲಿ ಹುಡುಕುತ್ತಾ ಹುಡುಕುತ್ತಾ ಸಿಕ್ಕೇಬಿಟ್ಟ. ರಟ್ಟಿನ ಮೇಲೆ ಕಪ್ಪು ಶೂರ! ಅಂಗಿಗೆ ಗುಂಡಿಯಿಲ್ಲ, ಮಾತೆತ್ತಿದರೆ ಸಿಡುಕು, ಆದರೂ ಶೂರ. "ಕೊನೇ ಹಾಳೆ ಇಲ್ಲ ಕಣಮ್ಮ" ಅಂದರು ಲೈಬ್ರರಿಯವರು. ಇಲ್ಲದಿದ್ದರೆ ಏನಂತೆ, ಶೂರನಾದವನು ಗೆದ್ದೇ ಗೆಲ್ಲುತ್ತಾನೆ ಅಂದುಕೊಂಡೆ.

ಪುಸ್ತಕ ಕಂಡು ಹುಡುಗ ಟವಲು ಬಿಚ್ಚಿಕೊಟ್ಟ. ಒಂದು ವಾರ ನಾನೇ ಹೀರೋ. ಊಟಕ್ಕೆ ಕರೆದರೂ ಟವಲು ಬಿಚ್ಚುತ್ತಿರಲಿಲ್ಲ.

ಶನಿವಾರ ಹುಡುಗನ ಮಾವ ಕಂಟೋನ್ಮೆಂಟಿನ ಪೇಟೆಯಿಂದ ಅದೇ ಕಾಮಿಕ್ಸು ತಂದುಕೊಟ್ಟರು, ಹಾಳೆ ಹರಿಯದ್ದು. ಕೊನೆಯಲ್ಲಿ ಕಪ್ಪು ಶೂರ, ಬಿಳಿಯ ಶೂರನತ್ತ ಹಾರಿಬಂದ ಗುಂಡಿಗೆ ತಾನೇ ಎದೆಯೊಡ್ಡಿ ಸತ್ತಿದ್ದ. ಬಿಳಿಯವನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನೀನು ಒಳ್ಳೆಯವನು ಎಂದಿದ್ದ.

ಹುಡುಗ ಟವಲನ್ನು ನನಗೇ ಬಿಟ್ಟ. "ಬೀಳೇ ಈಗ," ಅಂದ. "ಪುಸ್ತಕದಲ್ಲಿ ಹಂಗೇ ಇದೆ."

"ಪುಸ್ತಕದಲ್ಲಿ ಬೀಳ್ಲಿ. ನಾನು ಬೀಳಲ್ಲ."

ಮಕ್ಕಳೆಲ್ಲ ಕಾದರು. ಅಳು ಬರುವಂತಿತ್ತು, ಆದರೂ ನಿಂತೇ ಇದ್ದೆ. ಅವನು ಟವಲು ಕಿತ್ತುಕೊಂಡು ಹೊರಟ. ಆ ರಜೆಯಲ್ಲಿ ಮತ್ತೆ ನನ್ನನ್ನು ಯಾರೂ ಆಟಕ್ಕೆ ಕರೆಯಲಿಲ್ಲ.

ಮರುದಿನ ಅಜ್ಜಿ ಹಿಟ್ಟು ಕಲಸಿದ ಬಟ್ಟಲು ಹಿಡಿದು ಬಚ್ಚಲಿನಿಂದ ಕೂಗಿದಳು. ಹೋಗಿ ಕೂತೆ.

"ಬರೀ ನೀರು ಹಾಕಜ್ಜಿ, ಸಾಕು" ಅಂದೆ.

ಅಜ್ಜಿ ಬಟ್ಟಲನ್ನು ಗೂಡಿನಲ್ಲಿಟ್ಟು, ಚೊಂಬು ಎತ್ತಿಕೊಂಡಳು.