ರೈಟರು ಕಲಿಸಿದ ಇಂಗ್ಲೀಷು

ಮಡಿಕೇರಿಯ ಹೈಸ್ಕೂಲಿಗೆ ಸೇರಬೇಕಾದರೆ ಅಲ್ಲಿಯ ಹೆಡ್‌ಮಾಸ್ಟರು ಕೊಡುವ ಇಂಗ್ಲೀಷ್ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಕೊಡ್ಲಿಪೇಟೆಯ ನಮ್ಮ ಶಾಲೆಯಲ್ಲೂ ಇಂಗ್ಲೀಷು ಇತ್ತು. ಆದರೆ ಅದು ಅಕ್ಷರಮಾಲೆ ಮುಗಿಸಿ, ಹಸುವಿನ ಪಾಠದವರೆಗೆ ಬಂದು, ಅಲ್ಲೇ ನಿಂತುಬಿಟ್ಟಿತ್ತು. ಅಪ್ಪಯ್ಯ ತಮ್ಮ ತೀರ್ಮಾನವನ್ನು ಅಂಗಡಿಯಲ್ಲಿ ದರ ಹೇಳುವ ಹಾಗೆ ಹೇಳಿದ್ದರು. ಪಾಸಾದರೆ ಮಡಿಕೇರಿಯ ಚಿಕ್ಕಮ್ಮನ ಮನೆಯಲ್ಲಿದ್ದು ಓದುವುದು, ಇಲ್ಲವಾದರೆ ಶನಿವಾರಸಂತೆಯ ಬೆಲ್ಲದ ಮಂಡಿಯವರ ಮನೆಗೆ ಸೊಸೆಯಾಗಿ ಹೋಗುವುದು. ಮಂಡಿಯವರ ಮಗನನ್ನು ನಾನು ನೋಡಿದ್ದೆ. ನಮ್ಮ ಜಗಲಿಯಲ್ಲಿ ಕೂತು ಒಂದು ತಟ್ಟೆ ಚಕ್ಕುಲಿ ತಿಂದು, ಯಾರೊಂದಿಗೂ ಮಾತಾಡದೆ ಎದ್ದುಹೋಗಿದ್ದ. ಅವನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಮದುವೆ ಮಾತ್ರ ಬೇಡವಾಗಿತ್ತು.

ಮೊದಲು ಶಾಲೆಯ ಮೇಷ್ಟ್ರನ್ನೇ ಮನೆಪಾಠಕ್ಕೆ ಕೇಳಿದೆವು. ಅವರು ಹೇಳಿದ ಸಂಬಳ ಕೇಳಿ ಅಪ್ಪಯ್ಯ ಕೈಮುಗಿದು ವಾಪಸು ಬಂದರು. ಏಲಕ್ಕಿ ವ್ಯಾಪಾರದಲ್ಲಿ ತಲೆ ನರೆತವರು, ವಿದ್ಯೆಯನ್ನಾದರೂ ಚೌಕಾಸಿ ಮಾಡದೆ ಕೊಳ್ಳುವುದು ಅವರಿಂದಾಗದು.

ಬಿಳಿ ದೊರೆ ನೋಡಿಕೊಳ್ಳುತ್ತಿದ್ದ ಊರಾಚೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರು ಸಂತೆಯ ದಿನ ಕೂಲಿಗಳ ಲೈನುಮನೆಗಳಿಗೆ ಅಕ್ಕಿ, ಉಪ್ಪು ಕೊಳ್ಳಲು ನಮ್ಮ ಅಂಗಡಿಗೆ ಬರುತ್ತಿದ್ದರು. ಮಂಗಳೂರಿನ ಕಡೆಯವರು, ಒಂಟಿ ಜೀವ. ತಾವೇ ಬೇಯಿಸಿಕೊಂಡು ತಿಂದು ಸೊರಗಿದ್ದರು.

"ಸಂತೆ ದಿನ ನಮ್ಮನೇಲಿ ಉಂಡ್ಕಂಡು, ಹುಡುಗೀಗೆ ನಾಕಕ್ಷರ ಇಂಗ್ಲೀಷ್ ಹೇಳ್ಕೊಡಿ ರೈಟ್ರೇ," ಎಂದರು ಅಪ್ಪಯ್ಯ.

"ಅದಕ್ಕೆಂತ ಸಾಹುಕಾರ್ರೆ, ಆಗ್ಲಿ. ಆದ್ರೆ ನಾನು ಮೇಷ್ಟ್ರಲ್ಲ ಮಾರಾಯ್ರೆ. ನಂಗೆ ಗೊತ್ತಿರುವುದು ಎಸ್ಟೇಟಿನ ಇಂಗ್ಲೀಷ್ ಮಾತ್ರ."

"ಇಂಗ್ಲೀಷಲ್ಲೂ ಜಾತಿ ಅದಾ? ಎಲ್ಲಾ ಒಂದೇ ಬಿಡಿ."

ಜಾತಿಯ ಪ್ರಶ್ನೆ ಎದ್ದಿದ್ದು ಅಡುಗೆಮನೆಯಲ್ಲಿ. ಕೊರಳಲ್ಲಿ ಲಿಂಗವಿಲ್ಲದವರು ಒಳಗೆ ಉಣ್ಣುವಂತಿಲ್ಲ ಎಂದರು ಅಜ್ಜಿ. ರೈಟರಿಗೆ ಜಗಲಿಯಲ್ಲೇ ಎಲೆ ಬಿತ್ತು. ಅವರು ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. ಕಷ್ಟವಾಗಿದ್ದು ರಾಗಿಮುದ್ದೆಯಿಂದ. ಹುಟ್ಟಿದಾಗಿನಿಂದ ಕುಸುಬಲಕ್ಕಿ ಅನ್ನ ಉಂಡವರು, ಒಂದೊಂದು ತುತ್ತನ್ನೂ ವೀಳ್ಯದ ಹಾಗೆ ಅಗಿಯುತ್ತಿದ್ದರು. "ಅಗೀಬ್ಯಾಡ ಕಣಪ್ಪಾ, ನುಂಗು!" ಎಂದು ಅಜ್ಜಿ ಬಾಗಿಲ ಹಿಂದಿನಿಂದ ಕೂಗುವರು. ರೈಟರು ತಲೆಯಾಡಿಸಿ ಮತ್ತೆ ಅಗಿಯುವರು. ಮುದ್ದೆ ಮುಗಿಯುವಷ್ಟರಲ್ಲಿ ಪಾಠದ ಹೊತ್ತು ಅರ್ಧ ಕಳೆದಿರುತ್ತಿತ್ತು.

ಪಾಠಕ್ಕೆ ಪುಸ್ತಕವೇ ಇರಲಿಲ್ಲ. ತಿಂಗಳು ತಿಂಗಳು ಎಸ್ಟೇಟಿನ ಸ್ಥಿತಿಗತಿಯ ಬಗ್ಗೆ ಅದರ ಮಾಲೀಕ ಕಂಪನಿಗೆ ಹೋಗುವ ವರದಿಯನ್ನು ಬರೆಯುವವರು ರೈಟರು, ತಿದ್ದುವವನು ದೊರೆ. ಹಾಗೆ ತಿದ್ದಿಸಿಕೊಂಡು ಬಾಯಿಪಾಠವಾದ ವಾಕ್ಯಗಳೇ ನನ್ನ ವ್ಯಾಕರಣ. "ಕಾಫಿ ಅನ್ನುವ ಶಬ್ದ ಇದ್ದಲ್ಲಿ ನಿನಗೆ ಬೇಕಾದ್ದನ್ನು ಇಡು. ಉಳಿದದ್ದನ್ನು ಮುಟ್ಲಿಕ್ಕೆ ಹೋಗ್ಬೇಡ," ಎನ್ನುತ್ತಿದ್ದರು. ನಾನು ಕಾಫಿ ಇದ್ದಲ್ಲಿ ನಮ್ಮ ಎಮ್ಮೆಯನ್ನು ಇಟ್ಟೆ, ಹಿತ್ತಲನ್ನು ಇಟ್ಟೆ, ಆಮೇಲೆ ಮನೆಮಂದಿಯನ್ನೂ ಇಟ್ಟೆ. ಎಲ್ಲವೂ ಸರಿಹೊಂದಿತು.

ಯುದ್ಧದ ಕಾಲ. ಪೆಟ್ರೋಲಿಗೆ ಬರ ಬಂದು ಬಸ್ಸು ಇದ್ದಿಲು ಸುಟ್ಟ ಹೊಗೆಯ ಬಲದಲ್ಲಿ ಓಡುತ್ತಿತ್ತು. ಅಪ್ಪಯ್ಯನೂ ನಾನೂ ಮೈಗೆಲ್ಲ ಮಸಿ ಬಳಿದುಕೊಂಡು ಮಡಿಕೇರಿಯಲ್ಲಿ ಇಳಿದೆವು. ಅಪ್ಪಯ್ಯನನ್ನು ಹೊರಗೆ ಕೂರಿಸಿ, ಹೆಡ್‌ಮಾಸ್ಟರು ನನಗೆ ಕಾಗದ ಕೊಟ್ಟು, 'ನನ್ನ ಕುಟುಂಬ' ಎಂಬ ವಿಷಯದ ಮೇಲೆ ಇಂಗ್ಲೀಷಿನಲ್ಲಿ ಪ್ರಬಂಧ ಬರೆಯಲು ಹೇಳಿದರು. ನಾನು ತಡಮಾಡದೆ ಬರೆದೆ. ಅದನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ:

"ಅಜ್ಜಿಯ ವಿಷಯವಾಗಿ ತಮ್ಮ ಅವಗಾಹನೆಗೆ ತರುವುದೇನೆಂದರೆ, ಹಳೆಯ ಗಿಡವಾದರೂ ಸ್ಥಿತಿ ತೃಪ್ತಿಕರ. ಮಳೆಗಾಲದಲ್ಲಿ ಮಂಡಿನೋವಿನಿಂದಾಗಿ ಇಳುವರಿ ಕೊಂಚ ಕಡಿಮೆ. ಅಪ್ಪಯ್ಯನ ಮೇಲ್ವಿಚಾರಣೆ ಬಿಗಿಯಾಗಿದ್ದು, ಖರ್ಚಿನಲ್ಲಿ ಗಮನಾರ್ಹ ಉಳಿತಾಯವಾಗಿದೆ. ಅಮ್ಮನ ಹಾಜರಿ ಪೂರ್ಣ. ರಜೆ ಪಡೆದ ದಾಖಲೆ ಇಲ್ಲ."

ಹೆಡ್‌ಮಾಸ್ಟರು ನನ್ನೆದುರೇ ಓದುತ್ತ ಮೊದಲು ಮೀಸೆಯಲ್ಲಿ ನಕ್ಕರು. ಅಮ್ಮನ ವಿಷಯಕ್ಕೆ ಬರುವಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಕೆಟ್ಟೆ ಅಂದುಕೊಂಡೆ. ನಗಿಸುವಂಥದ್ದನ್ನು ನಾನು ಏನೂ ಬರೆದಿರಲಿಲ್ಲ.

ಉಳಿದದ್ದು ಕೊನೆಯ ಭಾಗ. "ಹಿರಿಯ ಮಗಳು ಎಳೆಯ ಗಿಡ, ಬೆಳವಣಿಗೆ ಸಾಧಾರಣ. ಇಲ್ಲಿ ಸ್ಥಳ ಮಂಜೂರಾಗದಿದ್ದಲ್ಲಿ ಸದರಿ ಗಿಡವನ್ನು ಮುಂದಿನ ತಿಂಗಳು ಕಿತ್ತು ಶನಿವಾರಸಂತೆಯ ಬೆಲ್ಲದ ಮಂಡಿಯವರಲ್ಲಿ ನೆಡಲಾಗುವುದು. ಗಿಡಕ್ಕೆ ಅದು ಇಷ್ಟವಿಲ್ಲ. ತಮ್ಮ ಆಜ್ಞೆಯನ್ನು ಎದುರುನೋಡುತ್ತಿದ್ದೇನೆ."

ಗಿಡಕ್ಕೆ ಇಷ್ಟವಿಲ್ಲ ಎಂಬ ವಾಕ್ಯ ಮಾತ್ರ ರೈಟರು ಕಲಿಸಿದ್ದಲ್ಲ. ಗಿಡದ ಇಷ್ಟವನ್ನು ಕಂಪನಿಗೆ ಬರೆಯುವ ರೂಢಿ ಎಸ್ಟೇಟಿನಲ್ಲಿ ಇರಲಿಲ್ಲ. ಅದನ್ನು ನಾನೇ ಕಟ್ಟಿದ್ದೆ, ಇಡೀ ಪ್ರಬಂಧದಲ್ಲಿ ವ್ಯಾಕರಣದ ತಪ್ಪು ಇದ್ದದ್ದು ಅದೊಂದರಲ್ಲೇ.

ಹೆಡ್‌ಮಾಸ್ಟರು ನಗುವುದನ್ನು ನಿಲ್ಲಿಸಿದ್ದರು. "ಇದು ನಿಜವೇನಮ್ಮಾ?" ಎಂದು ಕನ್ನಡದಲ್ಲಿ ಕೇಳಿದರು.

"ಹೌದು ಸಾರ್," ಎಂದೆ. ಅಷ್ಟು ಹೇಳಿದ್ದೇ ತಡ, ಅಳು ಬಂದುಬಿಟ್ಟಿತು. ಆ ಮನುಷ್ಯ ಹಾಗೆ ಕೇಳುವವರೆಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಅವರು ಅಪ್ಪಯ್ಯನನ್ನು ಒಳಗೆ ಕರೆದರು. "ಸೀಟು ಕೊಟ್ಟಿದ್ದೇನೆ. ಓದು ಮುಗಿಯುವ ತನಕ ಶನಿವಾರಸಂತೆಯ ಮಾತು ಎತ್ತಬೇಡಿ," ಎಂದರು. ಅಪ್ಪಯ್ಯ ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಒಪ್ಪಿಕೊಂಡರು.

ವಾಪಸು ಬರುವಾಗ ಸೋಮವಾರಪೇಟೆ ದಾಟಿದೆವು. ಆಮೇಲೆ ಒಂದು ಏರಿನಲ್ಲಿ ಬಸ್ಸು ಉಸಿರು ಬಿಟ್ಟು ನಿಂತಿತು. ಎಲ್ಲರೂ ಇಳಿದು ರಸ್ತೆಯ ಬದಿಯಲ್ಲಿ ನಿಂತೆವು.

"ಅಲ್ಲ ಕಣೆ, ಮಂಡಿಯವ್ರ ವಿಷ್ಯ ಆ ಮೇಷ್ಟ್ರಿಗೆ ಯಾರು ಹೇಳಿದ್ರು?"

"ನಾನೇ ಅಪ್ಪಯ್ಯ. ಇಂಗ್ಲೀಷಲ್ಲಿ ಬರ್ದೆ."

ಅಪ್ಪಯ್ಯ ಹೆಗಲ ವಲ್ಲಿ ತೆಗೆದು ಮುಖದ ಮಸಿ ಒರೆಸಿಕೊಂಡರು. "ಇಷ್ಟ ಇಲ್ಲ ಅಂತ ಮನೇಲಿ ಕನ್ನಡದಲ್ಲೇ ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ ಅಪ್ಪಯ್ಯ," ಎಂದೆ. "ನೀವು ಆಗ ಗಿರಾಕಿ ಜೊತೆ ಮಾತಾಡ್ತಿದ್ರಿ."